ಚಾಲಿ ಮಾರಿದ ದುಡ್ಡು ಮಳೆಗಾಲದವರೆಗೂ ಬಾಳುವುದಿಲ್ಲ, ಮಗನಿಗೆ ಬೈಕ್ ಬೇಕಂತೆ

ತೋಟಿಗ, ಶಿರಸಿ:
ನಮ್ಮದು ಸಣ್ಣ ಅಡಿಕೆ ತೋಟ. ಚಾಲಿ, ಅಂದರೆ ಒಣಗಿಸಿದ ಅಡಿಕೆ, ಮಾರಿದಾಗ ಕೈತುಂಬ ದುಡ್ಡು. ಮಾರಿಕಾಂಬಾ ಜಾತ್ರೆ ಬಂದ ವರ್ಷವಂತೂ ಅದು ಹೋದ ದಾರಿಯೇ ತಿಳಿಯುವುದಿಲ್ಲ. ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಹೊತ್ತಿಗೆ ಮರ ಹತ್ತುವ ಕೊನೆಗೌಡನ ಕೂಲಿಗೂ ಸಾಲ. ಈಗ ಮಗ ಬೈಕಿಗೆ ಹಟ ಹಿಡಿದಿದ್ದಾನೆ. ಶೇಕಡಾ 10 ಬಡ್ಡಿ, ಮೂರು ವರ್ಷದ ಕಂತು. ಕೊಡಿಸಲೋ, ಕಾಯಿಸಲೋ?

ನಿವೃತ್ತ ಬ್ಯಾಂಕಿನವ, ಕಾರವಾರ:
ಆ 10 ಯಾವ ಲೆಕ್ಕದ್ದು ಎಂದು ಮೊದಲು ಕೇಳಿ. ಫ್ಲಾಟ್ ದರವಾದರೆ ಅಸಲು ತೀರುತ್ತ ಬಂದರೂ ಬಡ್ಡಿ ಮೊದಲಿನ ಪೂರ್ತಿ ಮೊತ್ತದ ಮೇಲೆಯೇ. 1 ಲಕ್ಷಕ್ಕೆ ತಿಂಗಳಿಗೆ ಸುಮಾರು 3,611 ರೂಪಾಯಿ, ಒಟ್ಟು 1.30 ಲಕ್ಷ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು ಶೇಕಡಾ 18! ಅದೇ ಕಂತನ್ನು ಒಂದು ವರ್ಷ, ತಿಂಗಳು ತಿಂಗಳು ಕಟ್ಟುವ ಠೇವಣಿಯಾದ ಆರ್‌ಡಿಗೆ ಕಟ್ಟಿಸಿ. ಕಟ್ಟಲಾಗದಿದ್ದರೆ ಸಾಲದ ಕಂತೂ ಆಗುತ್ತಿರಲಿಲ್ಲ ಎಂದರ್ಥ.

ಮೇಷ್ಟರು, ಕುಮಟಾ:
ಈಗಲೇ ಒಂದು ಮಿಠಾಯಿ, ಕಾದರೆ ಎರಡು ಎಂದಾಗ ಕಾದ ಮಕ್ಕಳೇ ಮುಂದೆ ಬಂದರು ಎಂಬ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಪ್ರಯೋಗವನ್ನು ಇನ್ನು ಯಾರಾದರೂ ಎತ್ತುತ್ತಾರೆ. 2018ರ ಮರುಪರೀಕ್ಷೆಯಲ್ಲಿ ಮನೆಯ ಸ್ಥಿತಿಗತಿಯನ್ನೂ ಪರಿಗಣಿಸಿದಾಗ ಆ ನಂಟು ಬಹಳ ಸಡಿಲವಾಯಿತು. ಹುಡುಗನಿಗೆ ಉಪದೇಶ ಬೇಡ, ತಾರೀಖು ಹೇಳಿ. ಕೊಟ್ಟ ಮಾತು ನಡೆಯುತ್ತದೆ ಎಂದು ಗೊತ್ತಿದ್ದರೆ ಯಾರಾದರೂ ಕಾಯುತ್ತಾರೆ.

ತೋಟಿಗ, ಶಿರಸಿ:
ವಿಚಾರಿಸಿದೆ, ಫ್ಲಾಟ್ ದರವೇ. ಅರ್ಧ ಚಾಲಿಯನ್ನು ಸುಲಿಸದೆ ಅಟ್ಟದಲ್ಲಿಟ್ಟಿದ್ದೇನೆ, ಮಳೆಗಾಲದ ಖರ್ಚಿಗೆ. ಮಗ ಮುಖ ಊದಿಸಿಕೊಂಡೇ ಒಪ್ಪಿದ. ಆರ್‌ಡಿ ಮಾತ್ರ ತನ್ನ ಹೆಸರಿನಲ್ಲೇ ಇರಬೇಕಂತೆ, ಅಪ್ಪನ ಮೇಲೆ ನಂಬಿಕೆಯಿಲ್ಲ!