ನೈಜರ್ ಡೆಲ್ಟಾ: ಎಣ್ಣೆ ಸಿಕ್ಕಿದ ಊರಿನವರು ಬಡವರಾಗಿಯೇ ಉಳಿದದ್ದು ಯಾಕೆ?

ಪೆರ್ಲದ ಓದುಗ:
ಎಲ್ಲರಿಗೂ ನಮಸ್ಕಾರ. ಊರಿನ ಗ್ರಂಥಾಲಯದಲ್ಲಿ ಹೈಸ್ಕೂಲ್ ಮಕ್ಕಳ ಜೊತೆ ನೈಜೀರಿಯಾದ ನೈಜರ್ ಡೆಲ್ಟಾ ಬಗ್ಗೆ ಒಂದು ಮಾತುಕತೆ ಇಟ್ಟುಕೊಂಡಿದ್ದೇವೆ. ನಮ್ಮ ಕಾಸರಗೋಡಿನ ಎಣ್ಮಕಜೆ ಕಡೆಯ ಮಕ್ಕಳು ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಕೇಳಿಕೊಂಡೇ ಬೆಳೆದವರು. ವಿಷ, ಪರಿಹಾರ, ಕೋರ್ಟು ಇದೆಲ್ಲ ಅವರಿಗೆ ಹೊಸತಲ್ಲ. ನನಗೆ ಬಿಡಿಸಿ ಹೇಳಲಿಕ್ಕೆ ಆಗದ್ದು ಬೇರೆ. 1956ರಲ್ಲಿ ಒಲೊಯಿಬಿರಿ ಅನ್ನುವ ಹಳ್ಳಿಯಲ್ಲಿ ತೈಲ ಸಿಕ್ಕಿತು, 1958ರಲ್ಲಿ ರಫ್ತು ಶುರುವಾಯಿತು, ದೇಶದ ಖಜಾನೆ ತುಂಬಿದ್ದೇ ಅದರಿಂದ. ಆದರೂ ಆ ಹೊಳೆಗಳಲ್ಲಿ ಮೀನು ಹಿಡಿಯುವವರು ಬಡವರಾಗಿಯೇ ಉಳಿದದ್ದು ಯಾಕೆ? ಭ್ರಷ್ಟಾಚಾರ ಅಂದುಬಿಟ್ಟರೆ ಮುಗಿಯಿತಾ? ಇನ್ನೊಂದು, ಚೆಲ್ಲಿದ ಎಣ್ಣೆ ಮಳೆಗಾಲದಲ್ಲಿ ತೊಳೆದು ಹೋಗುವುದಿಲ್ವಾ ಅಂತ ಒಬ್ಬ ಹುಡುಗ ಈಗಲೇ ಕೇಳಿಟ್ಟಿದ್ದಾನೆ. ತಿಳಿದವರು ಬರೆಯಿರಿ.

ಅಳಿವೆ ಕುಂಬಳೆ:
ಹುಡುಗನ ಪ್ರಶ್ನೆ ತುಂಬಾ ಒಳ್ಳೆಯದು. ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ತೊಳೆದು ಹೋಗುವುದಿಲ್ಲ. ಡೆಲ್ಟಾ ಅಂದರೆ ನೆಟ್ಟಗೆ ಸಮುದ್ರಕ್ಕೆ ಓಡುವ ಒಂದು ಹೊಳೆ ಅಲ್ಲ, ನೂರಾರು ಕವಲು, ಕೆಸರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ನಮ್ಮ ಶಿರಿಯ ಹೊಳೆಯ ಅಳಿವೆಯಲ್ಲಿ ನೀರು ಏರಿ ಇಳಿಯುವುದನ್ನು ಮಕ್ಕಳು ನೋಡಿರುತ್ತಾರೆ, ಅಲ್ಲಿಯೂ ಹಾಗೆಯೇ. ಇಳಿತಕ್ಕೆ ಹೊರಗೆ ಹೋದ ಎಣ್ಣೆ ಉಬ್ಬರಕ್ಕೆ ವಾಪಸ್ ಬರುತ್ತದೆ, ಬಂದಾಗೆಲ್ಲ ಇನ್ನಷ್ಟು ಒಳಗೆ ಹರಡುತ್ತದೆ. ಕಾಂಡ್ಲಾ ಗಿಡ ಗಾಳಿ ಎಳೆದುಕೊಳ್ಳುವುದು ಕೆಸರಿನಿಂದ ಮೇಲೆ ಇರುವ ಬೇರುಗಳಲ್ಲಿನ ಸಣ್ಣ ರಂಧ್ರಗಳಿಂದ. ಅದಕ್ಕೆ ಕಚ್ಚಾ ತೈಲ ಮೆತ್ತಿದರೆ ಗಿಡ ಉಸಿರುಕಟ್ಟಿ ಸಾಯುತ್ತದೆ. ಆ ಬೇರಿನ ಮೇಲೆ ಬೆಳೆಯುವ ಚಿಪ್ಪುಮೀನು, ಅದರ ನಡುವೆ ಮೊಟ್ಟೆ ಇಡುವ ಮೀನು, ಏಡಿ, ಎಲ್ಲಾ ಹೋಗುತ್ತವೆ. ಅಲ್ಲಿನದು ಆಫ್ರಿಕಾದಲ್ಲೇ ಅತಿ ದೊಡ್ಡ ಕಾಂಡ್ಲಾ ಕಾಡು. ಗಿಡ ಸತ್ತ ಜಾಗಕ್ಕೆ ನೀಪಾ ಅನ್ನುವ ಹೊರಗಿನ ತಾಳೆ ಜಾತಿ ನುಗ್ಗುತ್ತದೆ. 1906ರಲ್ಲಿ ಬ್ರಿಟಿಷರ ಕಾಲದಲ್ಲಿ ಕಲಬಾರ್ ಕಡೆ ತಂದು ನೆಟ್ಟದ್ದು ಅದು. ಅದು ಬೆಳೆದಲ್ಲಿ ಹಳೆಯ ಕಾಡು ಮತ್ತೆ ಬರುವುದು ಕಷ್ಟ.

ಗಾಳಿ ಸಿಗದ ಕೆಸರಿನಲ್ಲಿ ಎಣ್ಣೆ ಕೊಳೆಯುವುದೂ ನಿಧಾನ. 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಡೆಲ್ಟಾದ ಒಗೊನಿ ಜನರ ನಾಡನ್ನು ಪರೀಕ್ಷೆ ಮಾಡಿ ವರದಿ ಕೊಟ್ಟರು. ಮಣ್ಣಿನಲ್ಲಿ ಐದು ಮೀಟರ್ ಆಳದಲ್ಲೂ ಎಣ್ಣೆ ಇತ್ತು. ಒಗಾಲೆ ಅನ್ನುವಲ್ಲಿ ಜನ ಕುಡಿಯುತ್ತಿದ್ದ ಬಾವಿಯ ನೀರಿನಲ್ಲಿ ಕ್ಯಾನ್ಸರ್ ತರುವ ಬೆಂಜೀನ್, ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಜಾಸ್ತಿ. ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಕುಡಿದು ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಪೂರ್ತಿ ಸ್ವಚ್ಛ ಮಾಡಲಿಕ್ಕೆ 25ರಿಂದ 30 ವರ್ಷ ಬೇಕು ಅಂತ ಆ ವರದಿಯೇ ಹೇಳಿದೆ.

ಚಂದ್ರಗಿರಿ ಉತ್ತರ:
ಭ್ರಷ್ಟಾಚಾರ ಇದೆ, ತುಂಬಾ ಇದೆ. ಆದರೆ ಅದಕ್ಕೂ ಮೊದಲು ಕಾನೂನನ್ನು ನೋಡಿ. ತೈಲ ಇದ್ದದ್ದು ಇಜಾವ್, ಒಗೊನಿ ಮುಂತಾದ ಸಣ್ಣ ಸಮುದಾಯಗಳ ನೆಲದಲ್ಲಿ. ತೀರ್ಮಾನ ಮಾಡುತ್ತಿದ್ದವರು ದೂರದ ರಾಜಧಾನಿಯಲ್ಲಿ ಕೂತ ದೊಡ್ಡ ಸಮುದಾಯಗಳ ನಾಯಕರು ಮತ್ತು ಸೇನೆಯ ಜನರಲ್‌ಗಳು. 1969ರ ಪೆಟ್ರೋಲಿಯಂ ಕಾಯ್ದೆ ನೆಲದಡಿಯ ತೈಲವೆಲ್ಲ ಸರ್ಕಾರದ್ದು ಅಂದಿತು. 1978ರ ಭೂಬಳಕೆ ಕಾಯ್ದೆ ನೆಲವನ್ನೂ ಅಲ್ಲಿ ರಾಜ್ಯ ಸರ್ಕಾರ ನಡೆಸುವ ಗವರ್ನರ್ ಕೈಗೆ ಕೊಟ್ಟಿತು. ಅಲ್ಲಿಂದ ಮುಂದೆ ಪೈಪ್‌ಲೈನ್ ಹಾಕಿದಾಗ ರೈತನಿಗೆ ಸಿಗುವುದು ಬೆಳೆಗೆ, ಮನೆಗೆ ಪರಿಹಾರ, ನೆಲಕ್ಕಲ್ಲ. ಸ್ವಾತಂತ್ರ್ಯದ ಹೊತ್ತಿಗೆ, ಅಂದರೆ 1960ರಲ್ಲಿ, ಆದಾಯದ ಅರ್ಧ ಪಾಲು ತೈಲ ತೆಗೆದ ಪ್ರದೇಶಕ್ಕೇ ಹೋಗಬೇಕಿತ್ತು. 80ರ ದಶಕದಲ್ಲಿ ಅದು ಶೇ. 1.5ಕ್ಕೆ ಇಳಿದಿತ್ತು. ಈಗಿನ 13 ಶೇಕಡಾ ಬಂದದ್ದು 1999ರ ಸಂವಿಧಾನದಿಂದ, ಅದೂ ರಕ್ತ ಹರಿದ ಮೇಲೆ.

ಕಾಸರಗೋಡಿನವರಿಗೆ ಒಂದು ವಿಷಯ ಹೇಳಲೇಬೇಕು. ಅಲ್ಲಿ ತೈಲ ಸಿಕ್ಕಿದ್ದು 1956, ನಾವು ಕೇರಳಕ್ಕೆ ಸೇರಿದ್ದೂ ಅದೇ ವರ್ಷ. ನಮ್ಮಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕನ್ನಡ ನಾಡಿಗೆ ಸೇರಿಸಿ ಅಂತ 1967ರಲ್ಲಿ ವರದಿ ಕೊಟ್ಟಿತು, ಅದು ಕಪಾಟಿನಲ್ಲೇ ಉಳಿಯಿತು. ನೈಜೀರಿಯಾದಲ್ಲಿ ಅಲ್ಪಸಂಖ್ಯಾತ ಸಮುದಾಯಗಳ ಭಯ ಏನು ಅಂತ ನೋಡಲಿಕ್ಕೆ ಬ್ರಿಟಿಷರು ವಿಲಿಂಕ್ ಆಯೋಗ ಮಾಡಿದ್ದರು. 1958ರ ಅದರ ವರದಿ ಡೆಲ್ಟಾ ಹಿಂದುಳಿದಿದೆ, ವಿಶೇಷ ಗಮನ ಬೇಕು ಅಂದಿತು, ಪ್ರತ್ಯೇಕ ರಾಜ್ಯ ಮಾತ್ರ ಬೇಡ ಅಂದಿತು. 1966ರಲ್ಲಿ ಐಸಾಕ್ ಬೋರೊ ಅನ್ನುವ ಯುವಕ ನೈಜರ್ ಡೆಲ್ಟಾ ಗಣರಾಜ್ಯ ಅಂತಲೇ ಘೋಷಣೆ ಮಾಡಿದ. ಹನ್ನೆರಡು ದಿನದಲ್ಲಿ ಅದನ್ನು ಹತ್ತಿಕ್ಕಿದರು. ನಮ್ಮ ಕಷ್ಟ ಅವರ ಕಷ್ಟದಷ್ಟು ದೊಡ್ಡದು ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಊರಿನ ವಿಷಯವನ್ನು ಬೇರೆ ಯಾರೋ ಎಲ್ಲೋ ಕೂತು ತೀರ್ಮಾನಿಸಿದರೆ ಏನಾಗುತ್ತದೆ ಅನ್ನುವುದು ನಮ್ಮ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಕೆನ್ ಸಾರೊ ವಿವಾ ಬಗ್ಗೆ ಖಂಡಿತ ಹೇಳಿ. ಲೇಖಕ, ಒಗೊನಿಗಳ ನಾಯಕ. 1990ರಲ್ಲಿ ಒಗೊನಿ ಹಕ್ಕುಗಳ ಪತ್ರ ಬಂತು. 1993ರ ಜನವರಿ 4ರಂದು ಸುಮಾರು ಮೂರು ಲಕ್ಷ ಜನ ಆಯುಧ ಇಲ್ಲದೆ ಬೀದಿಗಿಳಿದರು. ಇಡೀ ಒಗೊನಿ ಜನಸಂಖ್ಯೆಯೇ ಸುಮಾರು ಐದು ಲಕ್ಷ ಅಂದರೆ ಯೋಚನೆ ಮಾಡಿ! ಅಲ್ಲಿ ತೈಲ ತೆಗೆಯುತ್ತಿದ್ದ ಶೆಲ್ ಕಂಪನಿ ಅದೇ ವರ್ಷ ಕಾಲ್ತೆಗೆಯಿತು. ಮರುವರ್ಷ ನಾಲ್ವರು ಒಗೊನಿ ಮುಖಂಡರ ಕೊಲೆಯಾಯಿತು, ಆ ಕೇಸನ್ನು ಸಾರೊ ವಿವಾ ತಲೆಗೆ ಕಟ್ಟಿ, 1995ರ ನವೆಂಬರ್ 10ರಂದು ಸೇನಾ ಆಡಳಿತ ಅವರನ್ನೂ ಇನ್ನೂ ಎಂಟು ಜನರನ್ನೂ ಗಲ್ಲಿಗೇರಿಸಿತು. 2025ರಲ್ಲಿ ಸರ್ಕಾರ ಕ್ಷಮಾದಾನ ಕೊಟ್ಟಿದೆ. ತಪ್ಪೇ ಮಾಡದವರಿಗೆ ಕ್ಷಮೆ ಯಾಕೆ? ನಿರ್ದೋಷಿ ಅಂತ ಹೇಳಬೇಕಿತ್ತು.

ಮಂಗಲ್ಪಾಡಿ:
ಒಂದು ಸಂಶಯ. ಪೈಪ್ ಒಡೆದು ಎಣ್ಣೆ ಕದಿಯುವುದು, ಕಾಡಿನಲ್ಲಿ ಕಳ್ಳ ಕುಲುಮೆ ಇಟ್ಟು ಡೀಸೆಲ್ ಮಾಡುವುದು ಅಲ್ಲಿನವರೇ ಅಲ್ವಾ? ಅದನ್ನು ಮಕ್ಕಳಿಗೆ ಹೇಳದಿದ್ದರೆ ಅರ್ಧ ಹೇಳಿದ ಹಾಗೆ.

ಚಂದ್ರಗಿರಿ ಉತ್ತರ:
ಹೇಳಲೇಬೇಕು. ಕಳ್ಳತನ ನಿಜ, ಆ ಕುಲುಮೆಗಳ ಮಸಿ ಪೋರ್ಟ್ ಹಾರ್ಕೋರ್ಟ್ ನಗರದ ಮೇಲೆಲ್ಲ ಬಿದ್ದದ್ದೂ ನಿಜ. ಆದರೆ ಹೊಳೆ ಸತ್ತ ಮೇಲೆ ಮೀನುಗಾರನ ಮಗ ಏನು ಮಾಡಬೇಕು? ಇನ್ನೊಂದು ಸಂಗತಿ, ಸೋರಿಕೆಗೆ ಕಳ್ಳರು ಕಾರಣ ಅಂತ ದಾಖಲಾದರೆ ಪರಿಹಾರ ಸಿಗುವುದಿಲ್ಲ, ಆ ಕಾರಣ ಬರೆಯುವ ಜಂಟಿ ತಪಾಸಣೆಯಲ್ಲಿ ಕಂಪನಿಯವರೂ ಕೂತಿರುತ್ತಾರೆ. ಬೊಡೊ ಊರಿನಲ್ಲಿ 2008ರಲ್ಲಿ ಎರಡು ಸಲ ಶೆಲ್‌ನ ಪೈಪ್ ಸೋರಿತು. ಎಷ್ಟು ಎಣ್ಣೆ ಹೋಯಿತು ಅಂತ ಕಂಪನಿ ಮೊದಲು ಕೊಟ್ಟ ಲೆಕ್ಕ ಕಡಿಮೆ ಇತ್ತು ಅಂತ ಅವರೇ ಆಮೇಲೆ ಲಂಡನ್ ಕೋರ್ಟಿನಲ್ಲಿ ಒಪ್ಪಿಕೊಳ್ಳಬೇಕಾಯಿತು. 2015ರಲ್ಲಿ 5.5 ಕೋಟಿ ಪೌಂಡ್ ಕೊಟ್ಟು ರಾಜಿ ಮಾಡಿಕೊಂಡರು.

ಹೊಸೂರಿನಿಂದ:
ಹೆಂಗಸರ ಹೋರಾಟ ಬಿಡಬೇಡಿ. 2002ರಲ್ಲಿ ಎಸ್ಕ್ರಾವೋಸ್‌ನಲ್ಲಿ ನೂರಾರು ಹೆಂಗಸರು ಶೆವ್ರಾನ್ ಅನ್ನುವ ತೈಲ ಕಂಪನಿಯ ಟರ್ಮಿನಲ್ ಒಳಗೆ ಕೂತು ಸುಮಾರು ಹತ್ತು ದಿನ ಕೆಲಸ ನಿಲ್ಲಿಸಿದರು. ಬಲ ಪ್ರಯೋಗಿಸಿದರೆ ಬಟ್ಟೆ ಬಿಚ್ಚುತ್ತೇವೆ ಅಂದರು, ಆ ನಾಡಿನಲ್ಲಿ ಗಂಡಸರಿಗೆ ಅದು ದೊಡ್ಡ ಶಾಪ. ಕೇಳಿದ್ದು ಮಕ್ಕಳಿಗೆ ಕೆಲಸ, ಊರಿಗೆ ಕರೆಂಟು, ನೀರು. ಇಷ್ಟೇ ಮಾರಾಯ್ರೆ.

ಆಮೇಲೆ ನಮಗೆ ಹತ್ತಿರದ್ದೂ ಇದೆ. ಕಾವೇರಿ ಅಂದ ಕೂಡಲೇ ನಾವು ಕನ್ನಡಿಗರು ಎಷ್ಟು ಟಿಎಂಸಿ ಅಂತ ಮಾತ್ರ ಕೇಳುತ್ತೇವೆ. ಕೆಳಗೆ ತಂಜಾವೂರು, ನಾಗಪಟ್ಟಣಂ ಗದ್ದೆಗಳ ನಡುವೆ ತೈಲ ಬಾವಿಗಳಿವೆ ಅನ್ನುವುದು ಎಷ್ಟು ಜನರಿಗೆ ಗೊತ್ತು? 2017ರಲ್ಲಿ ಕದಿರಮಂಗಲಂನಲ್ಲಿ ಪೈಪ್ ಸೋರಿ ಊರೇ ಬೀದಿಗೆ ಬಂತು. ಅದೇ ವರ್ಷ ನೆಡುವಾಸಲ್‌ನಲ್ಲಿ ದೊಡ್ಡ ಹೋರಾಟ. 2020ರಲ್ಲಿ ತಮಿಳುನಾಡು ಕಾವೇರಿ ಡೆಲ್ಟಾವನ್ನು ರಕ್ಷಿತ ಕೃಷಿ ವಲಯ ಅಂತ ಕಾಯ್ದೆ ಮಾಡಿ ಹೊಸ ಬಾವಿಗಳಿಗೆ ತಡೆ ಹಾಕಿತು. ಹಳೆಯವು ನಡೆಯುತ್ತಿವೆ. ಆದರೂ ರೈತರು ಹೋರಾಡಿ ಒಂದು ಕಾನೂನು ಮಾಡಿಸಿದರು ಅನ್ನುವುದು ಮಕ್ಕಳಿಗೆ ಗೊತ್ತಾಗಲಿ.

ಪೆರ್ಲದ ಓದುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೆಯ ಪ್ರಶ್ನೆ. ನಮ್ಮಲ್ಲಿ ಎಂಡೋಸಲ್ಫಾನ್ ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಜನ ಎಷ್ಟು ಓಡಾಡಬೇಕಾಯಿತು ಅಂತ ಕಣ್ಣಾರೆ ಕಂಡಿದ್ದೇವೆ. ಶೆಲ್ ಅಲ್ಲಿನ ವ್ಯವಹಾರ ಮಾರಿ ಹೋಗಿದೆಯಂತೆ. ಹಾಗಾದರೆ ಹಳೆಯ ಎಣ್ಣೆ ತೆಗೆಯುವವರು ಯಾರು?

ಅಳಿವೆ ಕುಂಬಳೆ:
ಈಗ ನಡೆಯುತ್ತಿರುವ ಜಗಳವೇ ಅದು. ನೆಲದ ಮೇಲಿನ ಬಾವಿ, ಪೈಪುಗಳನ್ನೆಲ್ಲ 2025ರ ಮಾರ್ಚ್‌ನಲ್ಲಿ ರೆನೇಸಾನ್ಸ್ ಅನ್ನುವ ಕಂಪನಿಗಳ ಕೂಟಕ್ಕೆ ಕೊಟ್ಟು, ಶೆಲ್ ಮುಖ್ಯವಾಗಿ ಆಳ ಸಮುದ್ರದ ತೈಲ ಇಟ್ಟುಕೊಂಡಿದೆ. ಅಷ್ಟು ದೂರದ ಸಮುದ್ರದಲ್ಲಿ ಜನರ ಮೀನು ಪೇಟೆಯೂ ಇಲ್ಲ, ಪರಿಹಾರ ಕೇಳುವ ಹಳ್ಳಿಯೂ ಇಲ್ಲ. ಆದರೆ ಅದೇ ಜೂನ್‌ನಲ್ಲಿ ಲಂಡನ್ ಹೈಕೋರ್ಟ್ ಒಂದು ಮುಖ್ಯ ಮಾತು ಹೇಳಿದೆ: ವರ್ಷಗಳು ಕಳೆದವು ಅಂತ ಹಳೆಯ ಮಾಲಿನ್ಯದ ಕೇಸು ಬಿದ್ದುಹೋಗುವುದಿಲ್ಲ, ಎಣ್ಣೆ ನೆಲದಲ್ಲಿ ಉಳಿದಿರುವಷ್ಟು ದಿನವೂ ಹೊಣೆ ಹೊರಿಸಲು ದಾರಿ ಇದೆ. ಕೇಸು ಹಾಕಿದ ಎರಡು ಊರುಗಳಲ್ಲಿ ಒಂದು ಬಿಲ್ಲೆ, ಇನ್ನೊಂದು ನಾನು ಮೇಲೆ ಬರೆದ ಒಗಾಲೆ. ಪೂರ್ಣ ವಿಚಾರಣೆ 2027ಕ್ಕೆ ನಿಗದಿಯಾಗಿದೆ.