ಡೋಪ್ ಟೆಸ್ಟ್ ನೆಗೆಟಿವ್ ಬಂದ್ರೆ ಕ್ರೀಡಾಪಟು ಕ್ಲೀನ್ ಅಂತ ಎಷ್ಟು ನಂಬಬಹುದು?

ಶಿವಮೊಗ್ಗ ಟ್ರ್ಯಾಕ್:
ನೆಹರೂ ಸ್ಟೇಡಿಯಂನಲ್ಲಿ ಪ್ರಾಕ್ಟೀಸ್ ಮುಗಿದ್ಮೇಲೆ ಹುಡುಗರ ನಡುವೆ ಇದೇ ವಾದ. "ಅಂತರರಾಷ್ಟ್ರೀಯ ಮಟ್ಟದಲ್ಲಿ ಉದ್ದೀಪನ ಮದ್ದಿಲ್ಲದೆ ಯಾರೂ ಗೆಲ್ಲಲ್ಲ, ಸಿಕ್ಕಿಬಿದ್ದೋರು ದಡ್ಡರು ಅಷ್ಟೆ" ಅಂತ ಒಂದು ಪಂಗಡ. "ಅಷ್ಟು ಸಲ ಟೆಸ್ಟ್ ಮಾಡಿದ್ರೂ ಪಾಸಿಟಿವ್ ಬಂದಿಲ್ಲ ಅಂದ್ಮೇಲೆ ಇನ್ನೇನು" ಅಂತ ಇನ್ನೊಂದು. ನೆಗೆಟಿವ್‌ಗೆ ನಿಜವಾಗಿ ಎಷ್ಟು ಬೆಲೆ? ಜೊತೆಗೆ ಇನ್ನೊಂದು ಪ್ರಶ್ನೆ: ರಾಜ್ಯ ಮಟ್ಟಕ್ಕೆ ಹೋಗೋ ಮಕ್ಕಳು ಮಳೆಗಾಲದಲ್ಲಿ ಕೆಮ್ಮು, ಜ್ವರ ಅಂತ ತಗೊಳ್ಳೋ ಔಷಧಿಯಲ್ಲಿ ಯಾವುದಕ್ಕೆ ಹುಷಾರಾಗಿರಬೇಕು? "ಎಲ್ಲಾ ಕಳ್ಳರು" ಅನ್ನೋ ಒಂದು ಸಾಲಿನ ಉತ್ತರ ದಯವಿಟ್ಟು ಬೇಡ.

ತೀರ್ಥಹಳ್ಳಿ ಭಟ್:
ನೆಗೆಟಿವ್ ಅಂದ್ರೆ ಆ ದಿನದ ಆ ಬಾಟಲಿಯಲ್ಲಿ, ಲ್ಯಾಬ್‌ನವರು ಹುಡುಕಿದ ವಸ್ತು ಸಿಗಲಿಲ್ಲ ಅಂತ. ಅದಕ್ಕಿಂತ ಹೆಚ್ಚಿಲ್ಲ. ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ವರ್ಷಗಟ್ಟಲೆ ಇದನ್ನೇ ಗುರಾಣಿ ಮಾಡ್ಕೊಂಡಿದ್ದ. 2012ರಲ್ಲಿ ಅವನ ಏಳು ಟೂರ್ ಡಿ ಫ್ರಾನ್ಸ್ ಪ್ರಶಸ್ತಿ ಹೋಗಿದ್ದು ಮುಖ್ಯವಾಗಿ ಜೊತೆ ಸವಾರರ ಸಾಕ್ಷ್ಯದಿಂದ.

ವ್ಯಾಪಕವಾಗಿದೆ ಅನ್ನೋ ಅನುಮಾನಕ್ಕೆ ಗಟ್ಟಿ ಆಧಾರ ಅಂದ್ರೆ 2011ರ ಸಮೀಕ್ಷೆ. ದೇಗು ವಿಶ್ವ ಅಥ್ಲೆಟಿಕ್ಸ್ ಮತ್ತು ದೋಹಾದ ಪ್ಯಾನ್ ಅರಬ್ ಕೂಟ ಸೇರಿ 2,167 ಕ್ರೀಡಾಪಟುಗಳನ್ನು ಕೇಳಿದ್ರು. ಯಾರು ಯಾವ ಪ್ರಶ್ನೆಗೆ ಉತ್ತರ ಕೊಟ್ರು ಅಂತ ಸಂಶೋಧಕರಿಗೂ ತಿಳಿಯದ ವಿಧಾನ ಅದು. ಹಿಂದಿನ ಒಂದು ವರ್ಷದಲ್ಲಿ ಮದ್ದು ತಗೊಂಡೋರ ಅಂದಾಜು ದೇಗುವಿನಲ್ಲಿ ಶೇ 43.6. ಅದೇ ಕೂಟದ ಲ್ಯಾಬ್ ಟೆಸ್ಟ್‌ನಲ್ಲಿ ಸಿಕ್ಕಿದ್ದು ಶೇ 0.5ರಷ್ಟು. ಪ್ರಶ್ನೆ ಸರಿಯಾಗಿ ಓದದೆ ಟಿಕ್ ಮಾಡಿದೋರಿಂದ ಅಂದಾಜು ಉಬ್ಬಿರಬಹುದು, ಆ ವಾದಾನೂ ಉಂಟು. ಎಷ್ಟೇ ಕಳೆದ್ರೂ ಈ ಅಂತರ ಮುಚ್ಚೋದಿಲ್ಲ ಮಾರಾಯ್ರೆ.

ನಮ್ಮ ಕಡೆ ನೋಡಿ. 2023ರಲ್ಲಿ ನಾಡಾ, ಅಂದ್ರೆ ನಮ್ಮ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, 5,606 ಸ್ಯಾಂಪಲ್ ತಗೊಂಡಿತ್ತು, 213 ಪಾಸಿಟಿವ್, ಅಂದ್ರೆ ಶೇ 3.8. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಕೂಟಕ್ಕೆ ನಾಡಾದವರು ಬಂದ ಸುದ್ದಿ ಹಬ್ಬಿದ ಮೇಲೆ ಪುರುಷರ 100 ಮೀಟರ್ ಫೈನಲ್‌ಗೆ ಟ್ರ್ಯಾಕಿಗೆ ಇಳಿದಿದ್ದು ಒಬ್ಬನೇ. ಇದಕ್ಕೆ ಬೇರೆ ಅಂಕಿಅಂಶ ಯಾಕೆ ಬೇಕು?

ರಕ್ತದ ಲೆಕ್ಕ:
ಮೇಲಿನವರು ಪಾಸ್‌ಪೋರ್ಟ್ ವಿಷಯ ಬಿಟ್ಟಿದಾರೆ. ಕೆಂಪು ರಕ್ತಕಣ ಹೆಚ್ಚಿಸೋ ಹಾರ್ಮೋನ್ ಇಪಿಓನ ಸ್ವಲ್ಪಸ್ವಲ್ಪ ತಗೊಂಡ್ರೆ ಮೂತ್ರದಲ್ಲಿ ಬೇಗ ಮಾಯ. ಆದರೆ ರಕ್ತ ಸುಳ್ಳು ಹೇಳೋದು ಕಷ್ಟ. ಅದಕ್ಕೇ 2009ರಿಂದ ಜೈವಿಕ ಪಾಸ್‌ಪೋರ್ಟ್ ಬಂದಿದ್ದು. ಒಬ್ಬ ಕ್ರೀಡಾಪಟುವಿನ ಹಿಮೋಗ್ಲೋಬಿನ್, ಹೊಸ ಕೆಂಪು ಕಣಗಳಾದ ರೆಟಿಕ್ಯುಲೋಸೈಟ್ ಎರಡನ್ನೂ ವರ್ಷಗಟ್ಟಲೆ ದಾಖಲಿಸಿ ಅವನನ್ನು ಅವನ ಹಳೇ ಅಂಕಿಗೇ ಹೋಲಿಸ್ತಾರೆ.

ಈ ಎರಡು ಅಂಕಿಯಿಂದ ತೆಗೆಯೋ ಆಫ್ ಸ್ಕೋರ್‌ನ ಸೂತ್ರ: ಲೀಟರಿಗೆ ಇಷ್ಟು ಗ್ರಾಂ ಅಂತ ಹಿಮೋಗ್ಲೋಬಿನ್ ಬರ್ಕೊಳ್ಳಿ, ಅದರಿಂದ ರೆಟಿಕ್ಯುಲೋಸೈಟ್ ಶೇಕಡಾದ ವರ್ಗಮೂಲದ 60 ಪಟ್ಟನ್ನು ಕಳೀರಿ. ಹಿಮೋಗ್ಲೋಬಿನ್ 150, ರೆಟಿಕ್ 1 ಇದ್ರೆ 150 − 60 = 90. ಇದು ಮಾಮೂಲು. ಇಪಿಓ ನಿಲ್ಲಿಸಿದಾಗ ಅಥವಾ ತನ್ನದೇ ರಕ್ತ ವಾಪಸ್ ಏರಿಸಿಕೊಂಡಾಗ ಹಿಮೋಗ್ಲೋಬಿನ್ ಮೇಲೇ ಇರುತ್ತೆ, ದೇಹ ಮಾತ್ರ ಹೊಸ ಕಣ ತಯಾರಿಸೋದನ್ನ ಕಮ್ಮಿ ಮಾಡುತ್ತೆ. ಹಿಮೋಗ್ಲೋಬಿನ್ 165, ರೆಟಿಕ್ 0.25 ಅಂದ್ಕೊಳ್ಳಿ: 165 − 30 = 135. ಅದೇ ಮನುಷ್ಯನಲ್ಲಿ 90ರಿಂದ 135ಕ್ಕೆ ಜಿಗಿತ ಕಂಡ್ರೆ ತಜ್ಞರ ಸಮಿತಿ ವಿವರಣೆ ಕೇಳುತ್ತೆ.

ಲಂಡನ್ 2012ರ ಒಲಿಂಪಿಕ್ಸ್‌ನ ಮಹಿಳೆಯರ 1500 ಮೀಟರ್ ನೋಡಿ. ಮೊದಲೆರಡು ಸ್ಥಾನದ ಟರ್ಕಿಯವರು ಅನರ್ಹರಾದ್ರು, ನಾಲ್ಕನೆಯವಳಾಗಿ ಬಂದು ಬೆಳ್ಳಿಗೆ ಏರಿದ್ದ ರಷ್ಯಾದ ತೊಮಾಶೊವಾ ಕೂಡ 2024ರಲ್ಲಿ ಹೋದಳು. ಚಿನ್ನ ಕಡೆಗೆ ಸೇರಿದ್ದು ಮೂರನೆಯವಳಾಗಿ ಓಡಿದ್ದ ಬಹ್ರೇನ್‌ನ ಮರಿಯಂ ಜಮಾಲ್‌ಗೆ. ಸ್ಯಾಂಪಲ್‌ಗಳನ್ನು 10 ವರ್ಷದವರೆಗೆ ಇಟ್ಟು ಮತ್ತೆ ಪರೀಕ್ಷಿಸೋ ಅವಕಾಶ ಇದೆ. ಹಾಗಾಗಿ ಈ ವರ್ಷದ ಪದಕ ಪಟ್ಟಿಯನ್ನು ಕರಡು ಪ್ರತಿ ಅಂತ್ಲೇ ಓದಿ.

ಆದರೆ ಕಾವಲುಗಾರನೇ ಕಳ್ಳನಾದ್ರೆ ಯಾವ ಸೂತ್ರವೂ ನಡೆಯಲ್ಲ. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆತಿಥೇಯ ರಷ್ಯಾದವರೇ ಲ್ಯಾಬ್ ಗೋಡೆಯ ಕಿಂಡಿಯಿಂದಲೇ ಬಾಟಲಿ ದಾಟಿಸಿ ಮೂತ್ರ ಬದಲಾಯಿಸಿದ್ರು. ಆಮೇಲೆ ಸಿಕ್ಕಿದ ಗುರುತು ಎರಡು: ಮುಚ್ಚಳದ ಒಳಗಿನ ಗೀರು, ಮನುಷ್ಯನ ಮೂತ್ರದಲ್ಲಿ ಇರೋಕೇ ಸಾಧ್ಯವಿಲ್ಲದಷ್ಟು ಉಪ್ಪು.

ಸಾಗರ ಫಾರ್ಮಸಿಸ್ಟ್:
ಎರಡನೇ ಪ್ರಶ್ನೆಗೆ. ನಮ್ಮ ಮಕ್ಕಳು ಸಿಕ್ಕಿಬೀಳೋದು ಇಪಿಓಗಿಂತ ಹೆಚ್ಚಾಗಿ ಕೌಂಟರ್ ಮೇಲಿನ ಸಾಮಾನಿಗೇ ಅಂತ ನನ್ನ ಅಭಿಪ್ರಾಯ.

ಕೆಮ್ಮಿನ ಸಿರಪ್: ಕಫದ ಕೆಮ್ಮಿಗೆ ಕೊಡೋ ಹಲವು ಬ್ರಾಂಡ್‌ಗಳಲ್ಲಿ ಬ್ರೋಮ್‌ಹೆಕ್ಸಿನ್ ಜೊತೆ ಶ್ವಾಸನಾಳ ಹಿಗ್ಗಿಸೋ ಟರ್ಬ್ಯುಟಲಿನ್ ಇರುತ್ತೆ. ಅದು ಸ್ಪರ್ಧೆ ಇರಲಿ ಬಿಡಲಿ ವರ್ಷಪೂರ್ತಿ ನಿಷಿದ್ಧ. ಬ್ರಾಂಡ್ ಹೆಸರು ನೋಡ್ಬೇಡಿ, ಹಿಂದಿನ ಚೀಟಿಯ ಸಣ್ಣ ಅಕ್ಷರ ಓದಿ.

ಉಬ್ಬಸ: ಸಾಲ್ಬ್ಯುಟಮಾಲ್ ಇನ್ಹೇಲರ್‌ಗೆ ಅನುಮತಿ ಇದೆ, 24 ಗಂಟೆಗೆ 1,600 ಮೈಕ್ರೋಗ್ರಾಂ ಮೀರಬಾರದು, ಯಾವುದೇ 8 ಗಂಟೆಯಲ್ಲಿ 600 ಮೀರಬಾರದು. ಒಂದು ಪಫ್‌ಗೆ 100 ಅಂದ್ರೆ 8 ಗಂಟೆಗೆ ಆರು ಪಫ್. ಅದೇ ಔಷಧಿಯ ಮಾತ್ರೆ, ಸಿರಪ್ ಎರಡೂ ನಿಷಿದ್ಧ. ನೆಬ್ಯುಲೈಸರ್ ಹಾಕಿಸಿದ್ರೆ ಮಿತಿ ಸುಲಭವಾಗಿ ದಾಟುತ್ತೆ.

ಡ್ರಿಪ್: ಜ್ವರ ಬಂದ್ರೆ ಕ್ಲಿನಿಕ್‌ನಲ್ಲಿ "ಒಂದು ಗ್ಲೂಕೋಸ್ ಏರಿಸಿ" ಅಂತ ನಾವೇ ಕೇಳ್ತೀವಲ್ಲ, ಅಲ್ಲೇ ಎಡವಟ್ಟು. 12 ಗಂಟೆಗೆ 100 ಎಂಎಲ್ ಮೇಲೆ ರಕ್ತನಾಳಕ್ಕೆ ಏರಿಸೋದು ನಿಷಿದ್ಧ. ಒಂದು ಬಾಟಲಿ ಸಾಮಾನ್ಯವಾಗಿ 500 ಎಂಎಲ್. ಆಸ್ಪತ್ರೆ ಚಿಕಿತ್ಸೆ, ಆಪರೇಷನ್‌ಗಳಿಗೆ ವಿನಾಯಿತಿ ಉಂಟು, ಸುಸ್ತಿಗೆ ಹಾಕಿಸ್ಕೊಂಡ ಡ್ರಿಪ್‌ಗೆ ಇಲ್ಲ.

ಇನ್ನು ಪ್ರೋಟೀನ್ ಡಬ್ಬ, "ಶಕ್ತಿ" ಪುಡಿ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ನಮ್ಮ ಮಹಿಳಾ ರಿಲೇ ತಂಡದ ಮೂವರು 2011ರಲ್ಲಿ ಸ್ಟೆರಾಯ್ಡ್ ಪಾಸಿಟಿವ್ ಆದಾಗ ಕೊಟ್ಟ ವಿವರಣೆ ಜಿನ್‌ಸೆಂಗ್ ಕಲುಷಿತವಾಗಿತ್ತು ಅಂತ. ನಿಷೇಧ ಆದರೂ ತಪ್ಪಲಿಲ್ಲ. ದೇಹಕ್ಕೆ ಏನು ಸೇರಿದ್ರೂ ಹೊಣೆ ಕ್ರೀಡಾಪಟುವಿನದೇ, ನಿಯಮ ಹಾಗಿದೆ.

ಶಿವಮೊಗ್ಗ ಟ್ರ್ಯಾಕ್:
ಭಟ್ರೆ, ಫಾರ್ಮಸಿಸ್ಟ್ ಸಾರ್, ಉಪಕಾರ. ಎರಡು ಉಪಪ್ರಶ್ನೆ. ಮನೆ ಕಷಾಯ ಪರವಾಗಿಲ್ವಾ? ಮುಳ್ಳಯ್ಯನಗಿರಿಯಲ್ಲಿ ಓಡಿಸಿದ್ರೆ ಹಿಮೋಗ್ಲೋಬಿನ್ ಏರಿ ಅನುಮಾನ ಬರುತ್ತೆ ಅಂತ ಒಬ್ಬ ಹೆದರಿಸ್ತಿದಾನೆ.

ರಕ್ತದ ಲೆಕ್ಕ:
ಎಂಥ ಹೆದರಿಕೆ! ಮುಳ್ಳಯ್ಯನಗಿರಿ ತುದಿಯೇ ಸುಮಾರು 1,925 ಮೀಟರ್. ರಕ್ತ ಬದಲಾಗಬೇಕಾದ್ರೆ 2,000 ಮೀಟರ್ ಮೇಲೆ ವಾರಗಟ್ಟಲೆ ವಾಸ ಬೇಕು. ಓಟಗಾರರು ತರಬೇತಿಗೆ ಹೋಗೋ ಕೀನ್ಯಾದ ಇಟೆನ್ ಊರು ಇರೋದು ಸುಮಾರು 2,400ರಲ್ಲಿ. ಘಾಟಿ ಹತ್ತಿಸಿ, ಕಾಲಿಗೆ ಒಳ್ಳೇದು.

ಸಾಗರ ಫಾರ್ಮಸಿಸ್ಟ್:
ಶುಂಠಿ, ಕಾಳುಮೆಣಸು, ಜೀರಿಗೆ ಕಷಾಯಕ್ಕೆ ಏನೂ ತೊಂದರೆ ಇಲ್ಲ. ಹೆಸರಿಲ್ಲದ ಪೊಟ್ಟಣದ ಪುಡಿ ಬೇಡ, ಎಫೆಡ್ರಾ ಅನ್ನೋ ಉತ್ತೇಜಕ ಗಿಡ ಸೇರಿದ ಚೂರ್ಣವಂತೂ ಬೇಡ್ವೇ ಬೇಡ.

ಪ್ರತಿ ಔಷಧಿಯನ್ನೂ ನಾಡಾದ ನೋ ಯುವರ್ ಮೆಡಿಸಿನ್ ಆ್ಯಪಿನಲ್ಲಿ ಹುಡುಕಿ, ಫಲಿತಾಂಶದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಡಾಕ್ಟರ ಚೀಟಿಯಲ್ಲಿ ತಾರೀಕು, ಕಾಯಿಲೆ ಹೆಸರು, ಸಹಿ ಇರಲಿ. ಟೆಸ್ಟ್‌ಗೆ ಕರೆದ್ರೆ ಫಾರ್ಮ್‌ನಲ್ಲಿ ಹಿಂದಿನ 7 ದಿನ ತಗೊಂಡಿದ್ದೆಲ್ಲ ಬರೆಸಿ, ವಿಟಮಿನ್ ಮಾತ್ರೆ ಕೂಡ. ಕನಿಷ್ಠ 90 ಎಂಎಲ್ ಮೂತ್ರ ಕೊಡ್ಬೇಕು, ಎ ಬಾಟಲಿಗೆ 60, ಬಿ ಬಾಟಲಿಗೆ 30. ಬೇಗ ಮುಗೀಲಿ ಅಂತ ಮಕ್ಕಳು ಲೀಟರ್‌ಗಟ್ಟಲೆ ನೀರು ಕುಡೀತಾರೆ. ಆಗ ಮೂತ್ರ ತೆಳುವಾಗಿ ಸಾಂದ್ರತೆ 1.005ಕ್ಕಿಂತ (150 ಎಂಎಲ್ ಅಥವಾ ಹೆಚ್ಚು ಕೊಟ್ಟಿದ್ರೆ 1.003ಕ್ಕಿಂತ) ಕೆಳಗಿಳಿದ್ರೆ ಮತ್ತೊಂದು ಸ್ಯಾಂಪಲ್‌ಗೆ ಕೂರಬೇಕು. ವಾಪಸ್ ಬರೋ ಬಸ್ಸು ತಪ್ಪೋದು ಹಾಗೇ.