ಕೊಲೆ ಮಾಡಿದವರಿಗೆ ವಯಸ್ಸಾಯ್ತು ಅಂತ ಹೊರಗೆ ಬಿಡಬಹುದಾ?

ಕಟಪಾಡಿಯವ:
ಕಳೆದ ವಾರ ಬೀಟ್ ಪೊಲೀಸರು ಮನೆಗೆ ಬಂದಿದ್ದರು. ನಮ್ಮ ಪಕ್ಕದ ಹಿತ್ತಿಲಿನ ಮನುಷ್ಯ 19 ವರ್ಷದಿಂದ ಜೈಲಿನಲ್ಲಿದ್ದಾರೆ, ಈಗ 74 ವಯಸ್ಸು. ಬಿಡುಗಡೆಗೆ ಅರ್ಜಿ ಹಾಕಿದ್ದಾರಂತೆ. ಊರಿನವರದ್ದು ಎಂತಾದರೂ ತಕರಾರು ಉಂಟಾ ಅಂತ ಕೇಳಲಿಕ್ಕೆ ಬಂದದ್ದು. ಅವರು ಕೊಂದದ್ದು ನನ್ನ ದೊಡ್ಡಪ್ಪನನ್ನು. ಬದುವಿನ ಮೇಲಿನ ಒಂದು ತೆಂಗಿನ ಮರ ಯಾರದ್ದು ಅಂತ ಶುರುವಾದ ಜಗಳ, ಕತ್ತಿಯಲ್ಲಿ ಮುಗಿಯಿತು. ನಾನಾಗ ಒಂಬತ್ತನೇ ಕ್ಲಾಸು. ಅಲ್ಲಿವರೆಗೆ ಅವರನ್ನು ಮಾವ ಅಂತ ಕರೆಯುತ್ತಿದ್ದೆ.

ಪೊಲೀಸರು ಕೇಳುವಾಗ ದೊಡ್ಡಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ, ಮಾತೂ ಆಡಲಿಲ್ಲ. ಪೊಲೀಸರು ಹೋದ ಮೇಲೆ ನೋಡಿದರೆ ಗೆರಸೆಯಲ್ಲಿ ಒಂದೇ ಒಂದು ಹೊಸ ಬೀಡಿ ಇಲ್ಲ. ಎಲೆಗಳನ್ನೆಲ್ಲ ಕತ್ತರಿಯಲ್ಲಿ ಸಣ್ಣ ಸಣ್ಣ ಚೂರು ಮಾಡಿ ಹಾಕಿದ್ದರು.

ನನಗೆ ನಿಜವಾಗಿ ತೋಚುತ್ತಿಲ್ಲ. 14 ವರ್ಷ ಆದರೆ ಬಿಡಲೇಬೇಕು ಅಂತ ಒಬ್ಬರು ಹೇಳುತ್ತಾರೆ, ಇದು ಸುಮ್ನೆ ಪೆರೋಲ್, ತಿಂಗಳಲ್ಲಿ ವಾಪಸ್ ಹೋಗುತ್ತಾರೆ ಅಂತ ಇನ್ನೊಬ್ಬರು. ತಿಳಿದವರು ಹೇಳಿ.

ಕೊಡಿಯಾಲ್‌ಬೈಲ್ ಗುಮಾಸ್ತ:
ವಕೀಲರ ಆಫೀಸಿನಲ್ಲಿ ಕೆಲಸ ಮಾಡುವವನು ನಾನು, ಗೊತ್ತಿರುವಷ್ಟು ಹೇಳುತ್ತೇನೆ. ಪೆರೋಲ್ ಬೇರೆ, ಬಿಡುಗಡೆ ಬೇರೆ. ನಮ್ಮಲ್ಲಿ ಪೆರೋಲ್ ಅಂದರೆ ರಜೆ ಇದ್ದ ಹಾಗೆ, ಸಾವು, ಮದುವೆ, ಕಾಯಿಲೆ ಅಂತ ಕೆಲವು ದಿನ ಮನೆಗೆ ಬಂದು ಮತ್ತೆ ಒಳಗೆ ಹೋಗಬೇಕು. ನಿಮ್ಮದು ಅವಧಿಗೆ ಮೊದಲೇ ಬಿಡುಗಡೆ ಮಾಡುವ ಅರ್ಜಿ, ಜನ ಸನ್ನಡತೆಯ ಬಿಡುಗಡೆ ಅನ್ನುತ್ತಾರಲ್ಲ, ಅದು.

14 ವರ್ಷದ ಮಾತು ಪೂರ್ತಿ ತಪ್ಪು ತಿಳಿವಳಿಕೆ. ಜೀವಾವಧಿ ಅಂದರೆ ಉಸಿರಿರುವವರೆಗೆ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ ಗೋಪಾಲ ಗೋಡ್ಸೆ (ನಾಥೂರಾಮನ ತಮ್ಮ) ಪ್ರಕರಣದಲ್ಲಿ ಹೇಳಿದೆ. 1978ರಲ್ಲಿ ಸಿಆರ್‌ಪಿಸಿಗೆ, ಅಂದರೆ ಕ್ರಿಮಿನಲ್ ಕೇಸು ನಡೆಸುವ ಹಳೆ ಕಾನೂನಿಗೆ, 433ಎ ಕಲಂ ಸೇರಿಸಿದ್ದು ಇಂಥ ಕೊಲೆ ಕೇಸಿನವರು 14 ವರ್ಷ ಒಳಗೆ ಇರಲೇಬೇಕು, ಅದಕ್ಕಿಂತ ಮೊದಲು ಬಿಡಬಾರದು ಅಂತ. ಅಷ್ಟಾದ ಮೇಲೆ ಕೇಳಬಹುದು, ಸಿಗಲೇಬೇಕು ಅಂತ ಇಲ್ಲ. ಅದರ ಬದಲು ಬಂದ ಹೊಸ ಕಾನೂನಿನಲ್ಲಿ (ಬಿಎನ್‌ಎಸ್‌ಎಸ್) ಅದೇ 475ನೇ ಕಲಂ.

ಇನ್ನೊಂದು ವಿಷಯ ನನ್ನನ್ನು ತುಂಬ ದಿನದಿಂದ ಕಾಡುತ್ತಿದೆ. 2000ದಲ್ಲಿ ಲಕ್ಷ್ಮಣ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡುವಾಗ ಏನೇನು ನೋಡಬೇಕು ಅಂತ ಐದು ಅಂಶ ಹೇಳಿತು. ಅಪರಾಧ ಇಡೀ ಸಮಾಜಕ್ಕೆ ತಟ್ಟಿದೆಯಾ, ಮತ್ತೆ ಮಾಡುವ ಸಂಭವ ಉಂಟಾ, ಮಾಡುವ ತಾಕತ್ತು ಉಳಿದಿದೆಯಾ, ಇನ್ನೂ ಒಳಗಿಟ್ಟು ಪ್ರಯೋಜನವೇನು, ಕೈದಿಯ ಮನೆಯವರ ಪರಿಸ್ಥಿತಿ ಹೇಗಿದೆ. ಸತ್ತವರ ಮನೆಯವರು ಆ ಐದರಲ್ಲಿ ಎಲ್ಲೂ ಇಲ್ಲ. ಅದಕ್ಕೇ ಹೇಳುವುದು, ದೊಡ್ಡಮ್ಮನಿಗೆ ಹೇಳಲಿಕ್ಕಿದ್ದರೆ ಬರೆದು ಕೊಡಬೇಕು. ಬಾಯಲ್ಲಿ ಹೇಳಿದ್ದು ಸ್ಟೇಷನ್ ದಾಟುವುದಿಲ್ಲ.

ವಾಮಂಜೂರು ಕ್ರಾಸ್:
ಬಿಡಬಾರದು. ನಮ್ಮ ಊರಲ್ಲಿ 1994ರಲ್ಲಿ ಒಂದೇ ಮನೆಯ ನಾಲ್ವರ ಕೊಲೆಯಾಯಿತು. ಕೊಂದವನು ಸಂಬಂಧಿಕನೇ. ಗಲ್ಲು ಆಯಿತು, ಕ್ಷಮಾದಾನದ ಅರ್ಜಿ ತೀರ್ಮಾನಕ್ಕೆ ಜಾಸ್ತಿ ವರ್ಷ ಹಿಡಿಯಿತು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜೀವಾವಧಿ ಮಾಡಿತು. ಆಮೇಲೆ 2022ರಲ್ಲಿ ಸನ್ನಡತೆ ಅಂತ ಬಿಡುವ ಸುದ್ದಿ ಬಂತು. ಮನೆಯವರು ಪೊಲೀಸರ ಹತ್ತಿರ ಓಡಿ ಬಿಡಬೇಡಿ ಅಂತ ಮನವಿ ಕೊಡಬೇಕಾಯಿತು. 28 ವರ್ಷ ಆದ ಮೇಲೂ ಅವರೇ ಓಡಬೇಕು, ಇದು ಯಾವ ನ್ಯಾಯ?

ಆ ಮನುಷ್ಯನಿಗೆ 74 ಅಂತ ಬರೆದಿದ್ದೀರಿ. ನಿಮ್ಮ ದೊಡ್ಡಪ್ಪ ಇದ್ದಿದ್ದರೆ ಈಗ ಎಷ್ಟು ವರ್ಷ ಅಂತ ಬಂದ ಪೊಲೀಸರು ಕೇಳಿದರಾ?

ಹೆಬ್ರಿಯವಳು:
ನಾನು ಆಚೆ ಬದಿಯವಳು. ನನ್ನ ಚಿಕ್ಕಪ್ಪ ಕೊಲೆ ಕೇಸಿನಲ್ಲಿ ಶಿವಮೊಗ್ಗ ಜೈಲಿನಲ್ಲಿದ್ದಾರೆ. ಆಗುಂಬೆ ಘಾಟಿ ಹತ್ತಿ ನೋಡಲಿಕ್ಕೆ ಹೋಗುವವಳು ನಾನೊಬ್ಬಳೇ. ಅವರು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಅವರಿಗೆ ನೆನಪು ಹೋಗಿದೆ. ನನ್ನನ್ನು ನನ್ನ ಅಮ್ಮನ ಹೆಸರಿನಲ್ಲಿ ಕರೆಯುತ್ತಾರೆ. ಸ್ನಾನ ಮಾಡಿಸುವುದು ಬ್ಯಾರಕ್ಕಿನ ಇನ್ನೊಬ್ಬ ಕೈದಿ.

ಹೋದ ವರ್ಷ ಪೆರೋಲಿನಲ್ಲಿ 30 ದಿನ ಮನೆಗೆ ತಂದೆ. ಬೆಳಿಗ್ಗೆ ಎದ್ದು ಬಚ್ಚಲಿನ ಬಾಗಿಲ ಹತ್ತಿರ ನಿಂತೇ ಇರುತ್ತಿದ್ದರು. ಬಾಗಿಲು ತೆರೆದೇ ಉಂಟು, ಆದರೂ ಒಳಗೆ ಹೋಗುವುದಿಲ್ಲ, ಯಾರಾದರೂ ‘ಹೋಗು’ ಅನ್ನಬೇಕು. ಇಂಥವರನ್ನು ಒಳಗೆ ಇಟ್ಟುಕೊಂಡು ಯಾರಿಗೆ ಏನು ಸಿಗುತ್ತದೆ ಅಂತ ನನಗೆ ಅರ್ಥವಾಗುವುದಿಲ್ಲ.

ಇನ್ನೊಂದನ್ನೂ ಹೇಳಬೇಕು, ಮುಚ್ಚಿಟ್ಟರೆ ತಪ್ಪಾಗುತ್ತದೆ. ಆ 30 ದಿನ ಸತ್ತವರ ಹೆಂಡತಿ ನಮ್ಮ ಮನೆ ಎದುರಿನ ದಾರಿಯಲ್ಲಿ ಬರಲಿಲ್ಲ. ಗದ್ದೆ ಸುತ್ತು ಹಾಕಿ, ಮಳೆಯಲ್ಲಿ, ಹಾಲಿನ ಕ್ಯಾನ್ ಹಿಡಿದುಕೊಂಡು ಡೈರಿಗೆ ಹೋಗುತ್ತಿದ್ದರು. ನಾನು ಕಿಟಕಿಯಲ್ಲಿ ನೋಡುತ್ತಿದ್ದೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಏಳಲಿಕ್ಕಾಗದವರನ್ನು ಬಿಡಲಿ, ಆದರೆ ಅದೇ ಊರಿಗೆ, ಅದೇ ದಾರಿಗೆ ಬೇಡ.

ಕೊಡಿಯಾಲ್‌ಬೈಲ್ ಗುಮಾಸ್ತ:
ಹೆಬ್ರಿಯವರು ಹೇಳಿದ್ದಕ್ಕೆ ದಾರಿ ಉಂಟು. ಷರತ್ತು ಹಾಕಿ ಬಿಡುವ ಅಧಿಕಾರ ಸರಕಾರಕ್ಕೆ ಇದೆ, ಷರತ್ತು ಮುರಿದರೆ ಬಿಡುಗಡೆ ರದ್ದು ಮಾಡಿ ವಾಪಸ್ ಒಳಗೆ ಹಾಕಬಹುದು. ಬಿಟ್ಟ ಆದೇಶವೇ ತಪ್ಪಿದ್ದರೆ ಅದನ್ನೂ ಕೋರ್ಟಿನಲ್ಲಿ ಕೇಳಬಹುದು. ಬಿಲ್ಕಿಸ್ ಬಾನೊ ಪ್ರಕರಣದಲ್ಲಿ 2022ರ ಆಗಸ್ಟ್ 15ಕ್ಕೆ ಬಿಟ್ಟ 11 ಜನರನ್ನು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಜೈಲಿಗೆ ಕಳಿಸಿತಲ್ಲ. ಬರೀ ವಯಸ್ಸು ನೋಡಿ ಯಾರನ್ನೂ ಬಿಡಬಾರದು ಅನ್ನುವವನು ನಾನು. ಹಾಗೆಯೇ ಹಾಸಿಗೆ ಹಿಡಿದವರನ್ನು ಬರೀ ಸಿಟ್ಟಿನಿಂದ ಇಟ್ಟುಕೊಳ್ಳುವುದೂ ಸರಿಯಲ್ಲ.

ಕಟಪಾಡಿಯವ:
ಎಲ್ಲರಿಗೂ ಥ್ಯಾಂಕ್ಸ್. ವಾಮಂಜೂರಿನವರೇ, ದೊಡ್ಡಪ್ಪನಿಗೆ ಈಗ 71 ಆಗುತ್ತಿತ್ತು. ನೀವು ಕೇಳಿದ ಮೇಲೆಯೇ ಲೆಕ್ಕ ಹಾಕಿದ್ದು.

ನಿನ್ನೆ ರಾತ್ರಿ ಊಟ ಆದ ಮೇಲೆ ದೊಡ್ಡಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಹೆಬ್ರಿಯವರು ಬರೆದದ್ದನ್ನು ಇನ್ನೊಮ್ಮೆ ಓದಲಿಕ್ಕೆ ಹೇಳಿದರು. ಹಾಲಿನ ಕ್ಯಾನ್ ಹಿಡಿದವರ ವಿಷಯ ಬಂದಾಗ ‘ಅವರಿಗೆ ಮಕ್ಕಳಿದ್ದಾರಾ’ ಅಂತ ಕೇಳಿದರು. ಆಮೇಲೆ ಹೇಳಿದ್ದು ಇಷ್ಟೇ: ‘ಅವನು ಎಲ್ಲಿ ಬೇಕಾದರೂ ಸಾಯಲಿ, ನನ್ನ ಬಾವಿಕಟ್ಟೆಯಿಂದ ಕಾಣುವ ಹಾಗೆ ಮಾತ್ರ ಬೇಡ.’ ಅವರ ಹಿತ್ತಿಲ ಬಾಗಿಲು ನಮ್ಮ ಬಾವಿಯ ಎದುರಿಗೇ ಬರುತ್ತದೆ. ಇದನ್ನು ಅರ್ಜಿಯಲ್ಲಿ ಹೇಗೆ ಬರೆಯುವುದು?

ಕೊಡಿಯಾಲ್‌ಬೈಲ್ ಗುಮಾಸ್ತ:
ಹೀಗೆಯೇ ಬರೆಯುವುದು, ಬಾವಿಕಟ್ಟೆ ಸಮೇತ. ಸೋಮವಾರ ದೊಡ್ಡಮ್ಮನನ್ನು ಕರೆದುಕೊಂಡೇ ಬನ್ನಿ, ಅವರು ಹೇಳಲಿ, ನಾನು ಟೈಪ್ ಮಾಡುತ್ತೇನೆ. ಶಿಕ್ಷೆ ಕೊಟ್ಟ ಕೋರ್ಟಿನ ತೀರ್ಪಿನ ಪ್ರತಿ ಮನೆಯಲ್ಲಿದ್ದರೆ ತನ್ನಿ.